ಹಳೆಯ ಆಟ ಹೊಸ ಕಂಪ್ಯೂಟರಿನಲ್ಲಿ ಏಕೆ ಓಡುವುದಿಲ್ಲ? ಓಡಿಸುವುದು ಹೇಗೆ?

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವುದೆಂದು ತೀರ್ಮಾನವಾಯಿತು. ಅದು ಆನ್ ಆಗದೆ ಎರಡು ವರ್ಷವಾಗಿತ್ತು. ಆರ್.ಟಿ. ನಗರದ ನಮ್ಮ ಮನೆಯಲ್ಲಿ ಜಾಗ ಕಡಿಮೆ. ಮಂಚದ ಕೆಳಗೆ ಅದು ಸುಮ್ಮನೆ ಧೂಳು ಹಿಡಿಯುತ್ತಿದೆ ಎಂದು ಅಮ್ಮಿ ದಿನವೂ ಹೇಳುತ್ತಿದ್ದರು. ವಿಷಯ ದಮ್ಮಾಮ್‌ನಲ್ಲಿ ಕೆಲಸ ಮಾಡುವ ಭಾಯಿಜಾನ್‌ಗೆ ವಿಡಿಯೊ ಕಾಲ್‌ನಲ್ಲಿ ಗೊತ್ತಾಯಿತು. "ಕೊಡೋ ಮುಂಚೆ ಅದರಲ್ಲಿರೋ ನನ್ನ ಸಲಾಹುದ್ದೀನ್ ಆಟ ತೆಗೆದಿಡು" ಅಂದರು. ಪಕ್ಕದಲ್ಲಿ ಕೂತಿದ್ದ ಅಬ್ಬಾ, "ಅಂಗಡಿ ಶುರು ಮಾಡಿದ ವರ್ಷಗಳ ಟ್ಯಾಲಿ ಲೆಕ್ಕವೂ ಅದರಲ್ಲೇ ಇದೆ, ನೋಡು" ಅಂದರು.

ಭಾಯಿಜಾನ್ ಹೇಳಿದ ಆಟದ ಹೆಸರು ‘ಏಜ್ ಆಫ್ ಎಂಪೈರ್ಸ್ 2’. ಮೈಕ್ರೋಸಾಫ್ಟ್ ಕಂಪನಿ ಅದನ್ನು 1999ರಲ್ಲಿ ಹೊರತಂದಿತು. ಅದರಲ್ಲಿ ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರ ಕಥೆ ಆರು ಹಂತಗಳಲ್ಲಿ ಬರುತ್ತದೆ. ನಾಲ್ಕನೆಯದು ಜೆರುಸಲೇಂ ಮುತ್ತಿಗೆ. ಭಾಯಿಜಾನ್ ಆ ಹಂತವನ್ನು ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಹೊರಟುಹೋಗಿದ್ದರು.

ಒಂದು ರಿಪೇರಿ ಅಂಗಡಿಯಲ್ಲಿ ಕೇಳಿದೆ. "ಇಷ್ಟು ಹಳೇದೆಲ್ಲ ಈಗಿನ ವಿಂಡೋಸ್‌ನಲ್ಲಿ ಬರಲ್ಲ, ಬಿಟ್ಟುಬಿಡಿ" ಅಂದರು. ನಾನು ಬಿಡಲಿಲ್ಲ. ಎರಡು ವಾರ ಹಿಡಿಯಿತು. ಆ ಎರಡು ವಾರದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ತರಗತಿಯಲ್ಲೇ ಹಲವರ ಮನೆಯಲ್ಲಿ ಅಣ್ಣಂದಿರ, ಮಾಮೂಗಳ ಹಳೆಯ ಸಿ.ಡಿ.ಗಳಿವೆ. ಎಸೆಯುವ ಮುಂಚೆ ಇದನ್ನೊಮ್ಮೆ ಓದಿ.

ನಾಣ್ಯ ಸವೆದಿಲ್ಲ, ತೆಗೆದುಕೊಳ್ಳುವ ಅಂಗಡಿ ಇಲ್ಲ

ನಾವು ಕಾಮರ್ಸ್‌ನವರು, ಆದ್ದರಿಂದ ದುಡ್ಡಿನ ಉದಾಹರಣೆಯನ್ನೇ ಕೊಡುತ್ತೇನೆ. ನಮ್ಮ ದೇಶದಲ್ಲಿ 25 ಪೈಸೆಯ ನಾಣ್ಯ 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಆ ನಾಣ್ಯ ಇವತ್ತಿಗೂ ಕೆಲವರ ಡಬ್ಬಿಯಲ್ಲಿ ಹೊಳೆಯುತ್ತಾ ಇರುತ್ತದೆ. ಅದಕ್ಕೆ ಏನೂ ಆಗಿಲ್ಲ. ಆದರೆ ಅದನ್ನು ತೆಗೆದುಕೊಳ್ಳುವ ವ್ಯವಸ್ಥೆ ಹೋಗಿದೆ.

ಹಳೆಯ ಆಟವೂ ಹಾಗೆಯೇ. ಸಿ.ಡಿ. ಚೆನ್ನಾಗಿದ್ದರೆ ಅದರಲ್ಲಿರುವ ಪ್ರೋಗ್ರಾಂ ಮೊದಲ ದಿನ ಹೇಗಿತ್ತೋ ಇವತ್ತೂ ಹಾಗೆಯೇ ಇರುತ್ತದೆ. ಒಂದು ಅಕ್ಷರವೂ ಬದಲಾಗುವುದಿಲ್ಲ. ಬದಲಾಗಿರುವುದು ಅದರ ಸುತ್ತಲಿನ ಲೋಕ. ಆಟ ಓಡುವಾಗ ಆಪರೇಟಿಂಗ್ ಸಿಸ್ಟಂ ಅನ್ನು ಸದಾ ಏನಾದರೂ ಕೇಳುತ್ತಲೇ ಇರುತ್ತದೆ: "ಈ ಚಿತ್ರವನ್ನು ಪರದೆಯ ಮೇಲೆ ಹಾಕು", "ಈ ಸದ್ದು ಮಾಡು", "ಆಟಗಾರ ಯಾವ ಗುಂಡಿ ಒತ್ತಿದ ಹೇಳು", "ಇದನ್ನು ಈ ಫೋಲ್ಡರಿನಲ್ಲಿ ಉಳಿಸು". ಈ ಕೋರಿಕೆಗಳಲ್ಲಿ ಒಂದಕ್ಕೆ ಹೊಸ ಸಿಸ್ಟಂ ಉತ್ತರ ಕೊಡದಿದ್ದರೂ ಆಟ ನಿಂತುಹೋಗುತ್ತದೆ.

ಆದ್ದರಿಂದ ‘ಈ ಆಟ ಹಾಳಾಗಿದೆ’ ಅಂದುಕೊಳ್ಳಬೇಡಿ. ‘ಇದು ಏನನ್ನು ಕೇಳುತ್ತಿದೆ, ಯಾವುದು ಸಿಗುತ್ತಿಲ್ಲ’ ಎಂದು ಹುಡುಕಿ. ಸಿಗದ ಆ ಒಂದನ್ನು ಒದಗಿಸಿದರೆ ಸಾಕು. ಈ ಲೇಖನದ ಸಾರ ಇಷ್ಟೇ.

ಕೆಲವು ಸಲ ಸಿಸ್ಟಂ ಮಾಡುವವರೇ ಆಟಕ್ಕೆ ಹೊಂದಿಕೊಂಡದ್ದೂ ಉಂಟು. ವಿಂಡೋಸ್ 95 ತಯಾರಾಗುವಾಗ ‘ಸಿಮ್‌ಸಿಟಿ’ ಎಂಬ ಜನಪ್ರಿಯ ಆಟದಲ್ಲಿ ಒಂದು ತಪ್ಪು ಕಂಡಿತು. ತಾನು ಬಿಟ್ಟುಕೊಟ್ಟ ಮೆಮೊರಿಯನ್ನು ಅದು ಮತ್ತೆ ಓದುತ್ತಿತ್ತು. ಹಳೆಯ ವಿಂಡೋಸ್‌ನಲ್ಲಿ ಇದರಿಂದ ತೊಂದರೆಯಾಗುತ್ತಿರಲಿಲ್ಲ, ಹೊಸದರಲ್ಲಿ ಆಟ ಕುಸಿಯುತ್ತಿತ್ತು. ತಪ್ಪು ಆಟದ್ದೇ ಆದರೂ ಮೈಕ್ರೋಸಾಫ್ಟ್‌ನವರು ವಿಂಡೋಸ್ 95ರಲ್ಲಿ ಸಿಮ್‌ಸಿಟಿಗಾಗಿಯೇ ಒಂದು ಏರ್ಪಾಡು ಸೇರಿಸಿದರು. ಹೊಸ ವಿಂಡೋಸ್ ಹಾಕಿದ ಮೇಲೆ ತನ್ನ ಆಟ ಓಡದಿದ್ದರೆ ಗ್ರಾಹಕ ಬೈಯುವುದು ವಿಂಡೋಸನ್ನೇ ಅಲ್ಲವೇ? ವ್ಯಾಪಾರ ಗೊತ್ತಿದ್ದವರು ಮಾಡುವ ಕೆಲಸ ಇದು.

ಮೊದಲ ಕೆಲಸ: ಪ್ರತಿ ತೆಗೆಯುವುದು

ಆಟ ಓಡಿಸುವುದಕ್ಕಿಂತ ಮುಂಚೆ ಅದನ್ನು ಹಳೆಯ ಯಂತ್ರದಿಂದ ಹೊರಗೆ ತರಬೇಕು. ಕಂಪ್ಯೂಟರ್ ಆನ್ ಆಗುವುದಿಲ್ಲ ಎಂದರೆ ಒಳಗಿನ ಹಾರ್ಡ್ ಡಿಸ್ಕ್ ಹೋಗಿದೆ ಎಂದು ಅರ್ಥವಲ್ಲ. ಹೆಚ್ಚಿನ ಸಲ ಹೋಗಿರುವುದು ಕರೆಂಟ್ ಕೊಡುವ ಪೆಟ್ಟಿಗೆ ಅಥವಾ ಮದರ್‌ಬೋರ್ಡ್. ನಾಲ್ಕು ಸ್ಕ್ರೂ ಬಿಚ್ಚಿದರೆ ಹಾರ್ಡ್ ಡಿಸ್ಕ್ ಹೊರಗೆ ಬರುತ್ತದೆ. ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಯು.ಎಸ್.ಬಿ. ಅಡಾಪ್ಟರ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಕೊಳ್ಳುವ ಮುಂಚೆ ಡಿಸ್ಕಿನ ಹಿಂಭಾಗ ನೋಡಿಕೊಳ್ಳಿ. ಅಗಲವಾದ ಪಟ್ಟಿಯಲ್ಲಿ ಸಾಲಾಗಿ ಪಿನ್‌ಗಳಿದ್ದರೆ ಅದು ಐ.ಡಿ.ಇ., ಚಪ್ಪಟೆಯಾದ ಎರಡು ಚಿಕ್ಕ ಕಿಂಡಿಗಳಿದ್ದರೆ ಸಾಟಾ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕ್‌ಗೆ ಯು.ಎಸ್.ಬಿ.ಯ ಕರೆಂಟ್ ಸಾಲದು, ಬೇರೆ ಪವರ್ ಅಡಾಪ್ಟರ್ ಇರುವುದನ್ನೇ ಕೇಳಿ.

ಇಲ್ಲಿ ನಾನು ಮಾಡಲು ಹೊರಟಿದ್ದ ಒಂದು ತಪ್ಪನ್ನು ಹೇಳಬೇಕು. ಡಿಸ್ಕ್ ಜೋಡಿಸಿದ ಕೂಡಲೇ ವಿಂಡೋಸ್ ಒಂದು ಪ್ರಶ್ನೆ ಕೇಳಿತು: ಈ ಡಿಸ್ಕ್ ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ನನ್ನ ಬೆರಳು ‘ಸರಿ’ ಗುಂಡಿಯ ಮೇಲೇ ಇತ್ತು. ಒತ್ತಿದ್ದರೆ ಭಾಯಿಜಾನ್ ಆಟವೂ ಹೋಗುತ್ತಿತ್ತು, ಅಬ್ಬಾ ಲೆಕ್ಕವೂ ಹೋಗುತ್ತಿತ್ತು. ಹೆದರಿ ಕಿತ್ತುಬಿಟ್ಟೆ. ಮತ್ತೆ ಜೋಡಿಸುವಾಗ ನೋಡಿದರೆ ಕೇಬಲ್ ಸಡಿಲವಾಗಿತ್ತು. ಬಿಗಿಯಾಗಿ ಹಾಕಿದ ಮೇಲೆ ಎಲ್ಲ ಫೋಲ್ಡರ್‌ಗಳೂ ಕಂಡವು. ಹಳೆಯ ಡಿಸ್ಕಿನ ಬಗ್ಗೆ ಕಂಪ್ಯೂಟರ್ ಇಂಥ ಪ್ರಶ್ನೆ ಕೇಳಿದರೆ ‘ರದ್ದು’ ಒತ್ತಿ. ಆಮೇಲೆ ಯೋಚಿಸಿ.

ಹಳೆಯ ಬಳಕೆದಾರರ ಫೋಲ್ಡರ್ ತೆರೆಯುವಾಗ ‘ನಿಮಗೆ ಅನುಮತಿ ಇಲ್ಲ’ ಎಂಬ ಸೂಚನೆ ಬರಬಹುದು. ಅದರ ಕೆಳಗೇ ಇರುವ ‘ಮುಂದುವರಿಸಿ’ ಗುಂಡಿ ಒತ್ತಿ ಸ್ವಲ್ಪ ಕಾದರೆ ತೆರೆಯುತ್ತದೆ. ಆಮೇಲೆ ಬೇಕಾದದ್ದನ್ನೆಲ್ಲ ಎರಡು ಕಡೆ ಪ್ರತಿ ಮಾಡಿ: ಒಂದು ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಪೆನ್‌ಡ್ರೈವ್‌ನಲ್ಲಿ. ಏನೇ ಪ್ರಯೋಗ ಮಾಡಿದರೂ ಪ್ರತಿಯ ಮೇಲೆ ಮಾಡಿ, ಮೂಲವನ್ನು ಮುಟ್ಟಬೇಡಿ.

ಪ್ರತಿಯ ಬೆಲೆ ಏನೆಂದು ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟದ ಕಥೆ ಹೇಳುತ್ತದೆ. ಜೋರ್ಡನ್ ಮೆಕ್‌ನರ್ ಎಂಬವರು ಒಬ್ಬರೇ ಆಪಲ್ 2 ಕಂಪ್ಯೂಟರಿಗಾಗಿ ಬರೆದು, 1989ರಲ್ಲಿ ಬಂದ ಆಟ ಅದು. ಅದರ ಮೂಲ ಬರಹ ಕಳೆದೇಹೋಗಿದೆ ಎಂದು ಅವರು ಅಂದುಕೊಂಡಿದ್ದರು. 2012ರಲ್ಲಿ ಅವರ ತಂದೆ ಮನೆ ಕಪಾಟು ಖಾಲಿ ಮಾಡುವಾಗ ಒಂದು ಪೆಟ್ಟಿಗೆಯಲ್ಲಿ ಹಳೆಯ ಫ್ಲಾಪಿಗಳು ಸಿಕ್ಕವು. ಬಲ್ಲವರ ಸಹಾಯದಿಂದ ಅವನ್ನು ಓದಿ, ಮೂಲ ಬರಹವನ್ನು ಎಲ್ಲರೂ ನೋಡುವಂತೆ ಅಂತರ್ಜಾಲದಲ್ಲಿ ಇಟ್ಟರು. ಆ ತಂದೆ ಪೆಟ್ಟಿಗೆಯನ್ನು ಹಾಗೆಯೇ ಗುಜರಿಗೆ ಕೊಟ್ಟಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು.

ಡಾಸ್ ಕಾಲದ ಆಟಗಳು

ನಿಮ್ಮ ಆಟ ಎಷ್ಟು ಹಳೆಯದು ಎನ್ನುವುದರ ಮೇಲೆ ದಾರಿ ಬೇರೆಯಾಗುತ್ತದೆ. ‘ಪ್ರಿನ್ಸ್ ಆಫ್ ಪರ್ಷಿಯಾ’, ‘ಡೇಂಜರಸ್ ಡೇವ್’ ಇವು ಡಾಸ್ ಕಾಲದವು. ಕಪ್ಪು ಪರದೆಯಲ್ಲಿ ಅಕ್ಷರ ಟೈಪ್ ಮಾಡಿ ಕಂಪ್ಯೂಟರ್ ನಡೆಸುತ್ತಿದ್ದ ಕಾಲ ಅದು. ಇವನ್ನು ವಿಂಡೋಸ್ 11ರಲ್ಲಿ ಎರಡು ಸಲ ಕ್ಲಿಕ್ ಮಾಡಿದರೆ ‘ಈ ಆ್ಯಪ್ ನಿಮ್ಮ ಪಿ.ಸಿ.ಯಲ್ಲಿ ಓಡುವುದಿಲ್ಲ’ ಎಂದು ಬರುತ್ತದೆ.

ಕಾರಣ ಇದು. ಆ ಆಟಗಳನ್ನು ಬರೆದದ್ದು 16-ಬಿಟ್ ಪ್ರೊಸೆಸರ್‌ಗಳ ಭಾಷೆಯಲ್ಲಿ. ಆಮೇಲೆ 32-ಬಿಟ್ ಬಂತು, ಈಗ 64-ಬಿಟ್. 32-ಬಿಟ್ ವಿಂಡೋಸ್‌ನಲ್ಲಿ 16-ಬಿಟ್ ಪ್ರೋಗ್ರಾಂಗಳನ್ನು ನಡೆಸಲು ಒಂದು ಭಾಗ ಇತ್ತು. 64-ಬಿಟ್ ವಿಂಡೋಸ್‌ನಲ್ಲಿ ಆ ಭಾಗವೇ ಇಲ್ಲ. ವಿಂಡೋಸ್ 11 ಬರುವುದೇ 64-ಬಿಟ್‌ನಲ್ಲಿ. ಅಂದರೆ ಇಲ್ಲಿ ಯಾವ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಿಲ್ಲ.

ಇದಕ್ಕೆ ಪರಿಹಾರ ‘ಡಾಸ್‌ಬಾಕ್ಸ್’. 2002ರಲ್ಲಿ ಶುರುವಾದ ಈ ಪ್ರೋಗ್ರಾಂ ಉಚಿತ. ಅದು ನಿಮ್ಮ ಲ್ಯಾಪ್‌ಟಾಪಿನ ಒಳಗೆ ಒಂದು ಹಳೆಯ ಕಂಪ್ಯೂಟರಿನ ವೇಷ ಹಾಕುತ್ತದೆ. ಹಳೆಯ ಪ್ರೊಸೆಸರ್, ಹಳೆಯ ಸೌಂಡ್ ಕಾರ್ಡ್, ಹಳೆಯ ಪರದೆ ಎಲ್ಲವನ್ನೂ ಅದು ನಟಿಸಿ ತೋರಿಸುತ್ತದೆ. ಆಟಕ್ಕೆ ತಾನು 1990ರಲ್ಲೇ ಇದ್ದೇನೆ ಎಂಬ ಭಾವನೆ. ಬಳಸುವುದು ಕಷ್ಟವಿಲ್ಲ. ಆಟದ ಫೋಲ್ಡರನ್ನು ಸಿ ಡ್ರೈವ್‌ನಲ್ಲಿ ಚಿಕ್ಕ ಹೆಸರಿನಲ್ಲಿ ಇಡಿ. ‘ಮೌಂಟ್’ ಎಂಬ ಆಜ್ಞೆ ಕೊಟ್ಟು ಆ ಫೋಲ್ಡರನ್ನೇ ಡಾಸ್‌ಬಾಕ್ಸ್‌ನ ಸಿ ಡ್ರೈವ್ ಎಂದು ತಿಳಿಸಿ. ಆಮೇಲೆ ಆಟದ ಹೆಸರು ಟೈಪ್ ಮಾಡಿ ಎಂಟರ್ ಒತ್ತಿ. ಲ್ಯಾಪ್‌ಟಾಪ್ ಇಲ್ಲದವರು ಚಿಂತಿಸಬೇಕಿಲ್ಲ, ಆಂಡ್ರಾಯ್ಡ್ ಫೋನಿಗೂ ಡಾಸ್‌ಬಾಕ್ಸ್‌ನ ರೂಪಗಳಿವೆ.

ಇನ್ನೊಂದು ತೊಂದರೆ ವೇಗದ್ದು. ಆ ಕಾಲದ ಕೆಲವು ಆಟಗಳು ಗಡಿಯಾರ ನೋಡುತ್ತಿರಲಿಲ್ಲ. ಪ್ರೊಸೆಸರ್ ಎಷ್ಟು ವೇಗವಾಗಿ ಓಡುತ್ತದೋ ಅಷ್ಟೇ ವೇಗವಾಗಿ ಆಟ. ನಿಧಾನದ ಯಂತ್ರದಲ್ಲಿ ಸರಿಯಾಗಿದ್ದ ಆಟ ಹೊಸ ಯಂತ್ರದಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ಹಿಂದಿನ ಕಂಪ್ಯೂಟರ್ ಪೆಟ್ಟಿಗೆಗಳ ಮೇಲೆ ‘ಟರ್ಬೊ’ ಎಂಬ ಗುಂಡಿ ಇರುತ್ತಿತ್ತು. ಹೆಸರು ಟರ್ಬೊ ಆದರೂ ಅದನ್ನು ಆರಿಸಿದರೆ ಯಂತ್ರ ನಿಧಾನವಾಗುತ್ತಿತ್ತು, ಇಂಥ ಪ್ರೋಗ್ರಾಂಗಳಿಗಾಗಿಯೇ. ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ಆಟ ನಿಧಾನವಾಗುತ್ತದೆ, ಎಫ್12 ಒತ್ತಿದರೆ ವೇಗವಾಗುತ್ತದೆ.

ಬಿಟ್ ಬದಲಾವಣೆ ಎಷ್ಟು ಸೂಕ್ಷ್ಮ ಎನ್ನುವುದಕ್ಕೆ ಇನ್ನೊಂದು ಉದಾಹರಣೆ ವಿಂಡೋಸ್ ಎಕ್ಸ್‌ಪಿಯವರೆಗೂ ಬಂದ ಪಿನ್‌ಬಾಲ್ ಆಟ. ಅದನ್ನು 64-ಬಿಟ್‌ಗೆ ಹೊಂದಿಸುವಾಗ ಚೆಂಡು ಅಡ್ಡ ಬಂದ ವಸ್ತುಗಳಿಗೆ ತಾಗದೆ ತೂರಿಕೊಂಡು ಹೋಗತೊಡಗಿತು. ಬೇರೆಯವರು ವರ್ಷಗಳ ಹಿಂದೆ ಬರೆದುಕೊಟ್ಟ ಆಟ ಅದು. ಟಿಪ್ಪಣಿಗಳಿಲ್ಲದ ಆ ಬರಹದಲ್ಲಿ ತಪ್ಪು ಎಲ್ಲಿದೆ ಎಂದು ಸಿಗದೆ ಆಟವನ್ನೇ ಬಿಡಬೇಕಾಯಿತು ಎಂದು ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ ಬರೆದಿದ್ದಾರೆ.

ವಿಂಡೋಸ್ ಕಾಲದ ಆಟಗಳು

1995ರ ನಂತರ ವಿಂಡೋಸ್‌ಗಾಗಿ ಬಂದ ಆಟಗಳಲ್ಲಿ ಹೆಚ್ಚಿನವು 32-ಬಿಟ್. ಇವನ್ನು 64-ಬಿಟ್ ವಿಂಡೋಸ್ ಓಡಿಸಬಲ್ಲದು. ಆದರೂ ನಿಲ್ಲುತ್ತವೆ. ಎಲ್ಲಿ ನಿಲ್ಲುತ್ತವೆ ಎಂದು ಒಂದೊಂದಾಗಿ ನೋಡೋಣ. ಈ ಕ್ರಮದಲ್ಲೇ ಪರೀಕ್ಷಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನಾಯಿತೆಂದು ಬರೆದುಕೊಳ್ಳಿ. ನಾನು ಮೊದಲ ದಿನ ಐದಾರು ಬದಲಾವಣೆ ಒಟ್ಟಿಗೆ ಮಾಡಿ, ಯಾವುದರಿಂದ ಕೆಟ್ಟಿತು ಎಂದು ಗೊತ್ತಾಗದೆ ಎಲ್ಲ ಅಳಿಸಿ ಮತ್ತೆ ಶುರು ಮಾಡಬೇಕಾಯಿತು.

ಮೊದಲನೆಯದು, ಇನ್‌ಸ್ಟಾಲ್ ಮಾಡುವ ಪ್ರೋಗ್ರಾಂ. ಆಟ 32-ಬಿಟ್ ಆಗಿದ್ದರೂ ಅದರ ಸೆಟಪ್ 16-ಬಿಟ್ ಆಗಿರುವುದುಂಟು. ಆಗ ಸೆಟಪ್ ತೆರೆಯುವುದೇ ಇಲ್ಲ, ನಾವು ಆಟವೇ ಹೋಯಿತು ಅಂದುಕೊಳ್ಳುತ್ತೇವೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇನ್‌ಸ್ಟಾಲ್ ಆಗಿರುವ ಫೋಲ್ಡರ್ ಇದ್ದರೆ ಅದನ್ನೇ ಪ್ರತಿ ಮಾಡಿ ನೋಡಿ. ಕೆಲವು ಆಟಗಳು ಅಷ್ಟರಿಂದಲೇ ಓಡುತ್ತವೆ.

ಎರಡನೆಯದು, ಜಾಗ. ಹಳೆಯ ಆಟಗಳು ತಮ್ಮ ಸ್ವಂತ ಫೋಲ್ಡರಿನ ಒಳಗೇ ಉಳಿಸಿದ ಆಟ, ಅಂಕ, ಸೆಟ್ಟಿಂಗ್ ಎಲ್ಲವನ್ನೂ ಬರೆಯುತ್ತವೆ. ಆ ಫೋಲ್ಡರ್ ಸಾಮಾನ್ಯವಾಗಿ ‘ಪ್ರೋಗ್ರಾಂ ಫೈಲ್ಸ್’ ಒಳಗಿರುತ್ತದೆ. ವಿಂಡೋಸ್ ವಿಸ್ತಾದಿಂದ ಈಚೆಗೆ ಸುರಕ್ಷತೆಗಾಗಿ ಅಲ್ಲಿ ಬರೆಯಲು ಸಾಮಾನ್ಯ ಪ್ರೋಗ್ರಾಂಗಳಿಗೆ ಬಿಡುವುದಿಲ್ಲ. ಬರೆಯಲು ಹೋದದ್ದನ್ನು ವಿಂಡೋಸ್ ಸದ್ದಿಲ್ಲದೆ ‘ವರ್ಚುವಲ್ ಸ್ಟೋರ್’ ಎಂಬ ಇನ್ನೊಂದು ಫೋಲ್ಡರಿಗೆ ಕಳಿಸಬಹುದು. ಆಗ ನಾವು ಒಂದು ಕಡೆ ಹುಡುಕುತ್ತೇವೆ, ಫೈಲ್ ಇನ್ನೊಂದು ಕಡೆ ಇರುತ್ತದೆ. ಸುಲಭ ದಾರಿ ಎಂದರೆ ಇನ್‌ಸ್ಟಾಲ್ ಮಾಡುವಾಗಲೇ ಜಾಗ ಬದಲಿಸಿ, ಸಿ ಡ್ರೈವ್‌ನಲ್ಲಿ ‘ಗೇಮ್ಸ್’ ಎಂಬ ಫೋಲ್ಡರ್ ಮಾಡಿ ಅಲ್ಲಿ ಹಾಕುವುದು.

ಮೂರನೆಯದು, ಹೊಂದಾಣಿಕೆ ಮೋಡ್. ಆಟದ ಮುಖ್ಯ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ ತೆರೆದು, ‘ಕಂಪ್ಯಾಟಿಬಿಲಿಟಿ’ ಪುಟಕ್ಕೆ ಹೋಗಿ. ವಿಂಡೋಸ್ 95, 98, ಎಕ್ಸ್‌ಪಿ ಹೀಗೆ ಹೆಸರುಗಳಿರುತ್ತವೆ. ಒಂದನ್ನು ಆರಿಸಿದರೆ ವಿಂಡೋಸ್ ಆ ಆಟಕ್ಕೆ ಮಾತ್ರ ‘ನಾನು ವಿಂಡೋಸ್ ಎಕ್ಸ್‌ಪಿ’ ಎಂದು ಹೇಳುತ್ತದೆ ಮತ್ತು ಕೆಲವು ಕೋರಿಕೆಗಳಿಗೆ ಹಳೆಯ ರೀತಿಯಲ್ಲಿ ಉತ್ತರ ಕೊಡುತ್ತದೆ. ಶುರುವಿನಲ್ಲೇ ವಿಂಡೋಸ್ ಯಾವುದೆಂದು ಕೇಳಿ, ಗೊತ್ತಿಲ್ಲದ ಹೆಸರು ಬಂದರೆ ನಿಂತುಬಿಡುವ ಆಟಗಳಿಗೆ ಇದು ಸಾಕು.

ನಾಲ್ಕನೆಯದು, ತೆಗೆದಿಟ್ಟ ಭಾಗಗಳು. ನಮ್ಮ ಆಟ ಇನ್‌ಸ್ಟಾಲ್ ಆದ ಮೇಲೆ ‘ಡೈರೆಕ್ಟ್‌ಪ್ಲೇ’ ಬೇಕು ಎಂದಿತು. ಹಲವರು ಜೊತೆಗೂಡಿ ಆಡಲು ಹಿಂದೆ ಬಳಸುತ್ತಿದ್ದ ಭಾಗ ಅದು. ಈಗಿನ ವಿಂಡೋಸ್‌ನಲ್ಲಿ ಅದು ಇದೆ, ಆದರೆ ಆರಿಸಿಟ್ಟಿರುತ್ತಾರೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ವಿಂಡೋಸ್ ಫೀಚರ್ಸ್’ ತೆರೆದು, ‘ಲೆಗಸಿ ಕಾಂಪೊನೆಂಟ್ಸ್’ ಒಳಗೆ ಡೈರೆಕ್ಟ್‌ಪ್ಲೇಗೆ ಟಿಕ್ ಹಾಕಿದರೆ ಮುಗಿಯಿತು. ಅಂಗಡಿಯವರು ‘ಬರಲ್ಲ’ ಅಂದ ಆಟ ಈ ಒಂದು ಟಿಕ್‌ನಿಂದ ತೆರೆದುಕೊಂಡಿತು.

ಐದನೆಯದು, ಬಣ್ಣ. ಆಟ ತೆರೆಯಿತು, ಆದರೆ ಹುಲ್ಲು ಹಸಿರಾಗಿರಲಿಲ್ಲ, ನೀರು ನೀಲಿಯಾಗಿರಲಿಲ್ಲ. ಎಲ್ಲ ಕೆಂಪು, ನೇರಳೆ. ಆ ಕಾಲದ ಆಟಗಳು ಒಂದು ಸಲಕ್ಕೆ 256 ಬಣ್ಣಗಳನ್ನು ಮಾತ್ರ ಬಳಸುತ್ತಿದ್ದವು. ಯಾವ ಸಂಖ್ಯೆಗೆ ಯಾವ ಬಣ್ಣ ಎಂಬ ಒಂದು ಪಟ್ಟಿ ಇರುತ್ತಿತ್ತು. ಆ ಪಟ್ಟಿಯನ್ನು ಆಟದ ಜೊತೆಗೆ ಇನ್ನೊಂದು ಪ್ರೋಗ್ರಾಂ ಬದಲಿಸಿಬಿಟ್ಟರೆ ಸಂಖ್ಯೆ ಅದೇ, ಬಣ್ಣ ಬೇರೆ. ಲೆಡ್ಜರ್‌ನಲ್ಲಿ ಖಾತೆ ಸಂಖ್ಯೆ ಸರಿ ಇದ್ದು ಹೆಸರುಗಳ ಪಟ್ಟಿ ಅದಲುಬದಲಾದಂತೆ. ಅದೇ ‘ಕಂಪ್ಯಾಟಿಬಿಲಿಟಿ’ ಪುಟದಲ್ಲಿ ಬಣ್ಣ ಕಡಿಮೆ ಮಾಡುವ ಆಯ್ಕೆ ಇದೆ. ಅದರಲ್ಲಿ 256 ಬಣ್ಣ ಆರಿಸಿದೆ, ಸರಿಯಾಯಿತು.

ಆರನೆಯದು, ಸಿ.ಡಿ. ಬೀಗ. ನಕಲು ತಡೆಯಲು ಕೆಲವು ಕಂಪನಿಗಳು ‘ಸೇಫ್‌ಡಿಸ್ಕ್’ ಎಂಬ ಬೀಗ ಹಾಕುತ್ತಿದ್ದವು. ಅದು ವಿಂಡೋಸ್‌ನ ತೀರಾ ಒಳಭಾಗದಲ್ಲಿ ಕೂತು ಕೆಲಸ ಮಾಡುತ್ತಿತ್ತು. ಅದರ ಮೂಲಕ ಕಳ್ಳ ಪ್ರೋಗ್ರಾಂಗಳೂ ಒಳನುಗ್ಗಬಹುದಾದ್ದರಿಂದ 2015ರಲ್ಲಿ ಬಂದ ವಿಂಡೋಸ್ 10 ಅದಕ್ಕೆ ಅವಕಾಶ ಕೊಡಲಿಲ್ಲ. ಹೀಗಾಗಿ ದುಡ್ಡು ಕೊಟ್ಟು ಅಸಲಿ ಸಿ.ಡಿ. ಕೊಂಡವರ ಆಟವೇ ನಿಂತಿತು! ನಮ್ಮ ಸಿ.ಡಿ.ಗೆ ಈ ತೊಂದರೆ ಬರಲಿಲ್ಲ. ಬಂದರೆ, ಆಟ ಮಾಡಿದ ಕಂಪನಿಯೇ ಬೀಗವಿಲ್ಲದ ತಿದ್ದುಪಡಿ ಕೊಟ್ಟಿದೆಯೇ ಎಂದು ನೋಡಿ.

ಇಷ್ಟಕ್ಕೂ ಓಡದಿದ್ದರೆ ಇನ್ನೆರಡು ದಾರಿಗಳಿವೆ. ಒಂದು, ‘ವರ್ಚುವಲ್‌ಬಾಕ್ಸ್’ನಂಥ ಉಚಿತ ಪ್ರೋಗ್ರಾಂ ಹಾಕಿ ಅದರೊಳಗೆ ಇಡೀ ವಿಂಡೋಸ್ ಎಕ್ಸ್‌ಪಿಯನ್ನೇ ಇನ್‌ಸ್ಟಾಲ್ ಮಾಡುವುದು. ನಿಮ್ಮ ಬಳಿ ಅದರ ಅಸಲಿ ಸಿ.ಡಿ. ಇರಬೇಕು. ಎಕ್ಸ್‌ಪಿಗೆ 2014ರ ಏಪ್ರಿಲ್ 8ರ ನಂತರ ಸುರಕ್ಷತಾ ಬೆಂಬಲ ನಿಂತಿದೆ, ಆದ್ದರಿಂದ ಅದಕ್ಕೆ ಇಂಟರ್ನೆಟ್ ಕೊಡಬೇಡಿ. ಇನ್ನೊಂದು, ಲಿನಕ್ಸ್ ಬಳಸುವವರಿಗೆ ‘ವೈನ್’. ಹೆಸರು ಕೇಳಿ ಯಾರೂ ಗಾಬರಿಯಾಗಬೇಡಿ, ಇದು ಹಲಾಲ್ ವೈನ್! 1993ರಲ್ಲಿ ಶುರುವಾದ ಈ ಪ್ರೋಗ್ರಾಂ ವಿಂಡೋಸ್‌ಗೆ ಬರುವ ಕೋರಿಕೆಗಳನ್ನು ಲಿನಕ್ಸ್‌ಗೆ ಅರ್ಥವಾಗುವಂತೆ ಬದಲಿಸಿ ಕೊಡುತ್ತದೆ. ಕೆಲವು ಹಳೆಯ ವಿಂಡೋಸ್ ಆಟಗಳು ಹೊಸ ವಿಂಡೋಸ್‌ಗಿಂತ ಇದರಲ್ಲೇ ಚೆನ್ನಾಗಿ ಓಡುತ್ತವೆ.

‘ಫ್ರೀ ಡೌನ್‌ಲೋಡ್’ ಎಂಬ ಬಲೆ

ನಡುವೆ ಒಂದು ದಿನ ಬೇಸತ್ತು, ಅಂತರ್ಜಾಲದಲ್ಲಿ ಕಂಡ ‘ಪೂರ್ತಿ ಆಟ ಉಚಿತ’ ಎಂಬುದನ್ನು ಇಳಿಸಿಕೊಂಡೆ. ಇನ್‌ಸ್ಟಾಲ್ ಮಾಡುವ ಮುಂಚೆ ಆ್ಯಂಟಿವೈರಸ್ ಆರಿಸಿ ಎಂದು ಅದರಲ್ಲಿ ಬರೆದಿತ್ತು. ಅಲ್ಲೇ ನನಗೆ ಎಚ್ಚರವಾಯಿತು. ಕಾವಲುಗಾರನನ್ನು ಮನೆಗೆ ಕಳಿಸಿ ಆಮೇಲೆ ಬಾಗಿಲು ತೆರೆಯಿರಿ ಎಂದು ಹೇಳುವವನನ್ನು ನಂಬುವುದು ಹೇಗೆ? ಸ್ಕ್ಯಾನ್ ಮಾಡಿದೆ, ಒಳಗೆ ವೈರಸ್ ಇತ್ತು. ಅಬ್ಬಾ ಅದೇ ಲ್ಯಾಪ್‌ಟಾಪಿನಲ್ಲಿ ಬ್ಯಾಂಕ್ ಕೆಲಸ ಮಾಡುತ್ತಾರೆ.

ಕಾನೂನು ಏನು ಹೇಳುತ್ತದೆ ಎಂಬುದೂ ತಿಳಿದಿರಲಿ. ‘ಮಾರಾಟ ನಿಂತಿದೆ, ಆದ್ದರಿಂದ ಉಚಿತ’ ಎಂಬುದು ಸರಿಯಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕಕ್ಕೆ ಬರುತ್ತದೆ, ಅದರ ಹಕ್ಕು ಹತ್ತಿಪ್ಪತ್ತು ವರ್ಷಕ್ಕೆ ಮುಗಿಯುವುದಿಲ್ಲ. ಆದರೆ ಅದೇ ಕಾಯ್ದೆಯ 52ನೇ ಕಲಂ, ಪ್ರೋಗ್ರಾಂನ ಅಸಲಿ ಪ್ರತಿ ಇರುವವರು ಅದು ಹಾಳಾದೀತೆಂಬ ರಕ್ಷಣೆಗಾಗಿ ಬ್ಯಾಕಪ್ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ನಮ್ಮ ಸಿ.ಡಿ.ಯ ಪ್ರತಿ ನಾವು ಇಟ್ಟುಕೊಳ್ಳಬಹುದು, ಅದನ್ನು ಇಡೀ ತರಗತಿಗೆ ಹಂಚುವಂತಿಲ್ಲ.

ಪ್ರಾಮಾಣಿಕ ದಾರಿಗಳೂ ಇವೆ. ಪೋಲೆಂಡಿನ ಸಿ.ಡಿ. ಪ್ರೊಜೆಕ್ಟ್ ಕಂಪನಿ 2008ರಲ್ಲಿ ಶುರು ಮಾಡಿದ ‘ಗಾಗ್’ ಎಂಬ ಮಳಿಗೆ ಹಳೆಯ ಆಟಗಳನ್ನು ಹೊಸ ವಿಂಡೋಸ್‌ಗೆ ಹೊಂದಿಸಿ ಮಾರುತ್ತಿದೆ. ಅದರಲ್ಲಿ ಎಷ್ಟೋ ಡಾಸ್ ಆಟಗಳ ಜೊತೆ ಡಾಸ್‌ಬಾಕ್ಸ್ ಅನ್ನೇ ಕಟ್ಟಿಕೊಡುತ್ತಾರೆ. ‘ಏಜ್ ಆಫ್ ಎಂಪೈರ್ಸ್ 2’ ಕೂಡ 2013ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ಹೊಸ ರೂಪದಲ್ಲಿ ಬಂದಿದೆ. 20 ವರ್ಷ ಹಳೆಯ ಸರಕಿಗೂ ಮಾರುಕಟ್ಟೆ ಇದೆ ಎನ್ನುವುದಕ್ಕೆ ಇದು ಒಳ್ಳೆಯ ಬಿಸಿನೆಸ್ ಸ್ಟಡೀಸ್ ಉದಾಹರಣೆ.

ಇದು ಆಟಕ್ಕೆ ಮಾತ್ರ ಸಂಬಂಧಿಸಿದ್ದಲ್ಲ

ಆಟದ ನೆಪದಲ್ಲಿ ಕಲಿತದ್ದು ಅಬ್ಬಾ ಲೆಕ್ಕಕ್ಕೆ ಉಪಯೋಗವಾಯಿತು. ಟ್ಯಾಲಿ ನಮ್ಮ ಬೆಂಗಳೂರಿನದೇ ಕಂಪನಿ. ಗೋಯೆಂಕಾ ತಂದೆ ಮಗ 1986ರಲ್ಲಿ ಶುರು ಮಾಡಿದ್ದು. ಮೊದಲು ಅದೂ ಡಾಸ್‌ನಲ್ಲೇ ಓಡುತ್ತಿತ್ತು. ಆಮೇಲೆ ವಿಂಡೋಸ್‌ಗೆ ಬಂತು, 2009ರಲ್ಲಿ ಇ.ಆರ್.ಪಿ. 9, 2020ರಲ್ಲಿ ಟ್ಯಾಲಿಪ್ರೈಮ್ ಬಂತು. ಇ.ಆರ್.ಪಿ. 9ರ ಲೆಕ್ಕ ಟ್ಯಾಲಿಪ್ರೈಮ್‌ನಲ್ಲಿ ತೆರೆಯುತ್ತದೆ. ಅದಕ್ಕಿಂತ ಹಳೆಯದಾದರೆ ನಡುವೆ ಪರಿವರ್ತನೆಯ ಹಂತ ಬೇಕು. ನಮ್ಮದು ಇ.ಆರ್.ಪಿ. 9ರ ಲೆಕ್ಕವಾದ್ದರಿಂದ ‘ಡೇಟಾ’ ಫೋಲ್ಡರಿನ ಪ್ರತಿಯಿಂದಲೇ ಎಲ್ಲ ಸಿಕ್ಕಿತು.

ಜಿ.ಎಸ್.ಟಿ. ಕಾಯ್ದೆಯ 36ನೇ ಕಲಂ ಪ್ರಕಾರ ವ್ಯಾಪಾರಿಗಳು ತಮ್ಮ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಅಂದರೆ ಆರು ವರ್ಷ. ಆರು ವರ್ಷದಲ್ಲಿ ಕಂಪ್ಯೂಟರ್ ಬದಲಾಗುತ್ತದೆ, ವಿಂಡೋಸ್ ಬದಲಾಗುತ್ತದೆ, ಟ್ಯಾಲಿಯೂ ಬದಲಾಗುತ್ತದೆ. ಲೆಕ್ಕ ‘ಇದೆ’ ಎಂದರೆ ಸಾಲದು, ಕೇಳಿದ ದಿನ ತೆರೆಯಬೇಕು. ಮುಂದೆ ಅಕೌಂಟೆಂಟ್ ಆಗುವವರು ನಾವು. ನಮ್ಮನ್ನೇ ಕೇಳುತ್ತಾರೆ.

ಭಾಷೆಗೂ ಇದೇ ಕಷ್ಟ. ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಇಲ್ಲದ ದಿನಗಳಲ್ಲಿ ಟೈಪ್ ಮಾಡಿದ ಕನ್ನಡ ಫೈಲುಗಳನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕನ್ನಡ ಹಾಳಾಗಿಲ್ಲ, ಫಾಂಟ್ ಇಲ್ಲ ಅಷ್ಟೇ. ಯೂನಿಕೋಡ್‌ಗೆ ಪರಿವರ್ತಿಸಿದರೆ ಎಲ್ಲ ಸರಿಯಾಗುತ್ತದೆ. ನಮ್ಮ ಮನೆಗಳ ಮದುವೆ ಕಾರ್ಡುಗಳನ್ನು ಛಾಪಿಸುವ ಉರ್ದು ಇನ್‌ಪೇಜ್‌ನ ಹಳೆಯ ಫೈಲುಗಳೂ ಬೇರೆ ಪ್ರೋಗ್ರಾಂನಲ್ಲಿ ನೇರವಾಗಿ ತೆರೆಯುವುದಿಲ್ಲ. ಮನೆಯಲ್ಲಿ ಇಂಥ ಫೈಲುಗಳಿದ್ದರೆ ಅವನ್ನು ಓದಬಲ್ಲ ಕಂಪ್ಯೂಟರ್ ಇರುವಾಗಲೇ ಪರಿವರ್ತಿಸಿಡಿ.

ಕೊನೆಗೆ

ಹಳೆಯ ಕಂಪ್ಯೂಟರ್ ಗುಜರಿಗೆ ಹೋಯಿತು. ಹಾರ್ಡ್ ಡಿಸ್ಕನ್ನು ನಾವು ಇಟ್ಟುಕೊಂಡೆವು. ನೀವು ಕಂಪ್ಯೂಟರ್ ಮಾರಿದರೂ ಗುಜರಿಗೆ ಹಾಕಿದರೂ ಡಿಸ್ಕನ್ನು ಹಾಗೆಯೇ ಕೊಡಬೇಡಿ, ಮನೆಯವರ ಫೋಟೊ, ಆಧಾರ್ ಪ್ರತಿ, ಲೆಕ್ಕ ಎಲ್ಲ ಅದರಲ್ಲಿರುತ್ತವೆ.

ಭಾಯಿಜಾನ್ ಬಕ್ರೀದ್‌ಗೆ ಊರಿಗೆ ಬಂದರು. ಹಳೆಯ ಡಿಸ್ಕಿನಿಂದ ತಂದ, ಅವರು ಉಳಿಸಿಟ್ಟ ಆಟವನ್ನು ತೆರೆದು ಲ್ಯಾಪ್‌ಟಾಪ್ ಮುಂದಿಟ್ಟೆ. ಅರ್ಧಕ್ಕೆ ಬಿಟ್ಟ ಜೆರುಸಲೇಂ ಮುತ್ತಿಗೆ ಬಿಟ್ಟಲ್ಲಿಂದಲೇ ಶುರುವಾಯಿತು. ಯಾವ ಗುಂಡಿ ಯಾವುದಕ್ಕೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಕಾಲು ಗಂಟೆಯಲ್ಲಿ ಸೋತರು. "ಪರವಾಗಿಲ್ಲ, ಸೇವ್ ಇದೆಯಲ್ಲ" ಎಂದು ಮತ್ತೆ ತೆರೆದರು. ಅಬ್ಬಾ ಪಕ್ಕದಲ್ಲಿ ಕೂತು ನೋಡುತ್ತಿದ್ದರು.

ನಿಮ್ಮ ಮನೆಯಲ್ಲೂ ಇಂಥ ಸಿ.ಡಿ. ಅಥವಾ ಕಂಪ್ಯೂಟರ್ ಇದ್ದು ತೊಂದರೆಯಾದರೆ ದ್ವಿತೀಯ ಪಿ.ಯು. ಕಾಮರ್ಸ್ ವಿಭಾಗಕ್ಕೆ ಬಂದು ಕೇಳಿ. ನನಗೆ ಗೊತ್ತಿದ್ದಷ್ಟು ಹೇಳಿಕೊಡುತ್ತೇನೆ, ಇನ್‌ಶಾ ಅಲ್ಲಾಹ್. ಆದರೆ ಬರುವ ಮುಂಚೆ ಒಂದು ಪ್ರತಿ ತೆಗೆದುಕೊಂಡೇ ಬನ್ನಿ.